ಗೂಬೆಯ ಮೇಲೇ ಗೂಬೆ ಕೂರಿಸುವವರು

ತನ್ನ ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟುವುದಕ್ಕೆ ನಮ್ಮ ಜನ ‘ಗೂಬೆ ಕೂರಿಸುವುದು’ ಎನ್ನುತ್ತಾರೆ. ಆದರೆ ಆ ಬಡಪಾಯಿ ಗೂಬೆಯ ಮೇಲೇ ನಾವು ತಲೆತಲಾಂತರದಿಂದ ಗೂಬೆ ಕೂರಿಸುತ್ತ ಬಂದಿದ್ದೇವೆ! ಮನೆಯ ಮೇಲೆ ಕೂತರೆ ಸಾವು, ಕೂಗಿದರೆ ಕೇಡು, ಅಂಗಡಿಯ ಮುಂದೆ ಕಂಡರೆ ದಿವಾಳಿ. ಅಂಗಡಿ ಮುಳುಗುವುದು ಸಾಲದ ಬಡ್ಡಿಯಿಂದ. ಬಡವನ ಮನೆಯಲ್ಲಿ ಸಾವಾಗುವುದು ಔಷಧಕ್ಕೆ ಕಾಸಿಲ್ಲದೆ. ಇದರಲ್ಲಿ ಹಕ್ಕಿಯ ಕೈವಾಡವೇನು ಬಂತು?

ರಾತ್ರಿ ಪಾಳಿ ಮುಗಿಸಿ ಬರುವ ಗಿರಣಿ ಬಂಧುಗಳು ಬಿಳಿಯ ಮುಖದ ಕಣಜದ ಗೂಬೆಯನ್ನು ಕಂಡೇ ಇರುತ್ತಾರೆ. ಅದರ ರೆಕ್ಕೆ ಸದ್ದು ಮಾಡದು. ಕಿವಿಯೊಂದರ ಬಲದಿಂದಲೇ ಅದು ಕಗ್ಗತ್ತಲಲ್ಲಿ ಇಲಿಯನ್ನು ಹಿಡಿಯಬಲ್ಲದು. ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಎಲುಬು ಕೂದಲನ್ನು ಉಂಡೆ ಮಾಡಿ ಉಗುಳುತ್ತದೆ. ಹಳೆಯ ಗೋದಾಮಿನ ಮೂಲೆಯಲ್ಲಿ ಅಂಥ ಉಂಡೆ ಸಿಕ್ಕರೆ ವರ್ತಕ ಮಿತ್ರರು ಬಿಡಿಸಿ ನೋಡಲಿ. ತಮ್ಮ ಕಾಳನ್ನು ತಿಂದವರು ಯಾರು, ಕಾದವರು ಯಾರು ಎಂಬ ಲೆಕ್ಕ ಅದರಲ್ಲಿದೆ.

ಇಂಥ ಹಕ್ಕಿಯನ್ನು ಹಿಡಿದು ಮಾರುವ ದಂಧೆ ನಡೆದಿದೆ. ಭಾರತದ ಮೂವತ್ತು ಜಾತಿಯ ಗೂಬೆಗಳಲ್ಲಿ ಹದಿನೈದು ಮಾರಾಟಕ್ಕೆ ಸಿಕ್ಕಿದ್ದನ್ನು ಟ್ರಾಫಿಕ್ ಸಂಸ್ಥೆಯ 2010ರ ವರದಿ ದಾಖಲಿಸಿತು. ದೀಪಾವಳಿಯ ಹೊತ್ತಿಗೆ ಬೇಡಿಕೆ ಏರುತ್ತದೆ. ಲಕ್ಷ್ಮಿಯ ವಾಹನವೆಂದು ಚಿತ್ರಪಟದಲ್ಲಿ ಪೂಜೆ, ಲಕ್ಷ್ಮಿ ಬರಲೆಂದು ಅದೇ ವಾಹನದ ಕತ್ತಿಗೆ ಕತ್ತಿ! 2018ರಲ್ಲಿ ತೆಲಂಗಾಣದ ಚುನಾವಣೆಯ ಸಮಯದಲ್ಲಿ, ನಮ್ಮ ಕಲಬುರಗಿ ಜಿಲ್ಲೆಯ ಸೇಡಂ ಕಡೆ ಕೊಂಬಿನ ಗೂಬೆಗಳನ್ನು ಸಾಗಿಸುತ್ತಿದ್ದವರು ಸಿಕ್ಕಿಬಿದ್ದರು. ಎದುರಾಳಿಗೆ ಕೇಡು ಬಯಸುವ ಮಾಟಕ್ಕೆ ಅವು ಬೇಕಾಗಿದ್ದವೆಂದು ಪತ್ರಿಕೆಗಳು ಬರೆದವು. ಜನರ ಮತವನ್ನು ಗೂಬೆಯ ರಕ್ತದಿಂದ ಗೆಲ್ಲಬಹುದೆಂದು ನಂಬುವವನಿಗೆ ಜನರಲ್ಲಿ ಎಷ್ಟು ನಂಬಿಕೆಯಿದ್ದೀತು?

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಗೂಬೆಯನ್ನು ಹಿಡಿಯುವುದೂ ಮಾರುವುದೂ ಅಪರಾಧ. ಆದರೆ ಬಲೆ ಬೀಸಿದ ಬಡವನ ಕೈಗೆ ಕೋಳ ಬಿದ್ದರೆ ಸಾಲದು. ಹಣ ಕೊಟ್ಟು ತರಿಸಿದ ಧನಿಕನೂ, ಮಂತ್ರ ಹೇಳಿ ದಕ್ಷಿಣೆ ಎಣಿಸಿದ ಮಾಂತ್ರಿಕನೂ ಅದೇ ಕಟಕಟೆಯಲ್ಲಿ ನಿಲ್ಲಬೇಕು. ಇದು ನಮ್ಮ ಆಗ್ರಹ.

ಇನ್ನೊಂದು ವರ್ಗವಿದೆ. ಇವರು ಗೂಬೆಯನ್ನು ಕೊಲ್ಲುವವರಲ್ಲ, ಪ್ರೀತಿಸುವವರು. ದೊಡ್ಡ ಕ್ಯಾಮರಾ ಹೊತ್ತು ಕಾರಿನಲ್ಲಿ ಬಂದು, ನಿದ್ದೆಯಲ್ಲಿರುವ ಹಕ್ಕಿಗೆ ಕಲ್ಲೆಸೆದು ಎಬ್ಬಿಸುತ್ತಾರೆ, ಕಣ್ಣಿಗೆ ಬ್ಯಾಟರಿ ಬೆಳಕು ಬಿಡುತ್ತಾರೆ, ಮುದ್ರಿಸಿದ ಕೂಗು ಕೇಳಿಸಿ ಹೊರಗೆ ಕರೆಯುತ್ತಾರೆ. ಚಿತ್ರ ಚೆನ್ನಾಗಿ ಬಂದಿತೆಂದು ಗೂಡಿನ ಜಾಗವನ್ನು ಊರಿಗೆಲ್ಲ ಸಾರುತ್ತಾರೆ. ಮರುದಿನ ಬೇಟೆಗಾರನಿಗೆ ಹುಡುಕುವ ಶ್ರಮವೇ ಇಲ್ಲ! ರಾತ್ರಿ ಪಾಳಿ ಮಾಡಿ ಹಗಲು ಮಲಗಿದವನ ಬಾಗಿಲು ಬಡಿದರೆ ಹೇಗಿರುತ್ತದೆಂದು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ.

ನೋಡಬೇಡಿ ಎಂದು ನಾವು ಹೇಳುವುದಿಲ್ಲ. ಗೂಬೆಯನ್ನು ನೋಡುವ ಹಕ್ಕು ಕ್ಯಾಮರಾ ಉಳ್ಳವರ ಸ್ವತ್ತಲ್ಲ. ರಸ್ತೆ ಬದಿಯ ಹಳೆಯ ಮರದ ಪೊಟರೆಯಲ್ಲಿ ಹಾಲಕ್ಕಿ ಇದೆ, ಹಳ್ಳದ ದಂಡೆಯಲ್ಲಿ ಮೀನು ಗೂಬೆ, ಕಲ್ಲುಗುಡ್ಡದಲ್ಲಿ ಕೊಂಬಿನ ಗೂಬೆ. ಮುಸ್ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ. ದೂರ ನಿಲ್ಲಿ, ಸದ್ದು ಮಾಡಬೇಡಿ. ಹಕ್ಕಿ ತಲೆಯಾಡಿಸಿ ನಿಮ್ಮನ್ನೇ ದಿಟ್ಟಿಸತೊಡಗಿದರೆ ನೀವು ಹತ್ತಿರವಾದಿರೆಂದು ತಿಳಿದು ಹಿಂದೆ ಸರಿಯಿರಿ. ಗೂಡಿನ ಗುಟ್ಟು ನಿಮ್ಮಲ್ಲೇ ಇರಲಿ. ಗೋದಾಮಿಗೆ ಪಾಷಾಣ ಇಡುವ ಮೊದಲು ಯೋಚಿಸಿ. ವಿಷ ತಿಂದ ಇಲಿಯನ್ನು ತಿಂದು ಗೂಬೆಯೂ ಸಾಯಬಹುದು. ಪೊಟರೆಯಿರುವ ಮರಕ್ಕೆ ಕೊಡಲಿ ಬಿದ್ದರೆ ನಗರಸಭೆಯನ್ನು ಕೇಳಿ.

ಈ ದೀಪಾವಳಿಗೆ ಯಾರಾದರೂ ಗೂಬೆ ಮಾರಲು ಬಂದರೆ ಅರಣ್ಯ ಇಲಾಖೆಗೆ ತಿಳಿಸಿ. ಕೊಳ್ಳುವವನು ಯಾರೆಂದೂ ಕೇಳಿ. ಅಪಶಕುನ ಎಲ್ಲಿದೆಯೆಂದು ಆಗ ಗೊತ್ತಾಗುತ್ತದೆ.