ಹಳೆಯ ಪಾತ್ರ, ಹೊಸ ಸಾಲು

ಹಲಗೂರು ದಾಟಿ ಕಾಡಿನ ದಾರಿಯಲ್ಲಿ ಇಳಿಯುತ್ತ ಹೋದರೆ ಕಾವೇರಿಯ ದಡದಲ್ಲಿ ಮುತ್ತತ್ತಿ ಸಿಗುತ್ತದೆ. ನಮ್ಮ ಮದ್ದೂರು, ಮಳವಳ್ಳಿ ಕಡೆಯ ಮಕ್ಕಳಲ್ಲಿ ಅಲ್ಲಿಯ ಆಂಜನೇಯನ ಗುಡಿ ನೋಡದವರು ಕಡಿಮೆ. ಸೀತಮ್ಮ ಇಲ್ಲಿ ಸ್ನಾನಕ್ಕೆ ಇಳಿದಾಗ ಅವಳ ಮುತ್ತಿನ ಒಡವೆ ಮಡುವಿಗೆ ಬಿತ್ತಂತೆ. ಉಂಗುರ ಎನ್ನುವವರಿದ್ದಾರೆ, ಮೂಗುತಿ ಎನ್ನುವವರೂ ಇದ್ದಾರೆ. ಹನುಮಂತ ಬಾಲವನ್ನು ನೀರಿಗೆ ಇಳಿಬಿಟ್ಟು ಅದನ್ನು ಎತ್ತಿಕೊಟ್ಟ. ಮುತ್ತು ಎತ್ತಿದವನು ಮುತ್ತೆತ್ತರಾಯನಾದ, ಊರು ಮುತ್ತತ್ತಿಯಾಯಿತು. ನಟ ರಾಜ್‌ಕುಮಾರ್ ಅವರ ಹುಟ್ಟುಹೆಸರು ಮುತ್ತುರಾಜ ಎಂಬುದೂ ಈ ದೇವರ ಹೆಸರೇ. (ಅಂದ ಹಾಗೆ, ಅಲ್ಲಿ ನೀರಿಗೆ ಇಳಿಯಬೇಡಿ. ಮೇಲೆ ತಣ್ಣಗೆ ಕಾಣುವ ಆ ನೀರಿನಡಿಯಲ್ಲಿ ಬಂಡೆಗಳ ನಡುವೆ ಸುಳಿಗಳಿವೆ. ಒಡವೆ ಬಿದ್ದರೆ ಬಿಟ್ಟುಬಿಡಿ.)

ನಾನು ಹೇಳಹೊರಟಿದ್ದು ಆ ಬಾಲದ ವಿಷಯ. ಲಂಕೆಗೆ ಬೆಂಕಿ ಹಚ್ಚಿದ್ದು ಆ ಬಾಲ. ಸೌಗಂಧಿಕಾ ಪುಷ್ಪ ತರಲು ಹೊರಟ ಭೀಮನ ದಾರಿಗೆ ಅಡ್ಡ ಬಿದ್ದು, ಅವನಿಂದ ಅಲುಗಾಡಿಸಲೂ ಆಗದೆ ಹೋದದ್ದು ಅದೇ ಬಾಲ. ಮುತ್ತತ್ತಿಯ ಮಡುವಿಗೆ ಇಳಿದದ್ದೂ ಅದೇ. ಮೂರು ಕಥೆ, ಮೂರು ಜಾಗ, ಬಾಲ ಮಾತ್ರ ಒಂದೇ. ಬೇರೆ ಬೇರೆ ಕಥೆಗಳ ನಡುವೆ ಒಂದು ಪಾತ್ರ ಓಡಾಡಬೇಕಾದರೆ ಗುರುತಿಗೆ ಇಂಥದೊಂದು ಬೇಕು.

ಈ ವಿಷಯ ಈಗೇಕೆ ಎಂದರೆ, ಮದ್ದೂರಿನ ಕಡೆಯ ತಂದೆಯೊಬ್ಬರ ಪತ್ರ ಬಂದಿದೆ. ಒಂಬತ್ತನೇ ತರಗತಿಯ ಅವರ ಮಗಳು ರಜೆಯಲ್ಲಿ ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳ ಜೊತೆ ಸೇರಿ ಕಥೆಯಾಟ ಆಡುತ್ತಾಳೆ. ದಸರೆಯ ರಜೆಯಲ್ಲಿ ಒಂದು ಕಥೆ ಮುಗಿಯಿತು. ಅದರಲ್ಲಿ ಚಿಕ್ಕ ಹುಡುಗನೊಬ್ಬನ ಪಾತ್ರ, ದಾಳ ಕೈಕೊಟ್ಟು, ಹೊಳೆ ದಾಟುವಾಗ ಸತ್ತುಹೋಯಿತು. ಬೇಸಿಗೆಯಲ್ಲಿ ಹೊಸ ಕಥೆ ಆರಂಭಿಸಿದಾಗ ತನಗೆ ಅದೇ ಪಾತ್ರ ಬೇಕೆಂದು ಅವನ ಹಟ. ಸತ್ತವನು ಹೇಗೆ ಬರುತ್ತಾನೆ ಎಂದು ಉಳಿದವರ ವಾದ. ಈಗ ಎರಡು ಮನೆಯ ಮಕ್ಕಳು ಮಾತು ಬಿಟ್ಟಿದ್ದಾರೆ. ಆಟವನ್ನೇ ನಿಲ್ಲಿಸಿಬಿಡಲೇ ಎಂದು ತಂದೆ ಕೇಳಿದ್ದಾರೆ. ಪತ್ರದ ಕೆಳಗೆ ಮಗಳು ತನ್ನ ಕೈಬರಹದಲ್ಲಿ ಬೇರೆಯೇ ಪ್ರಶ್ನೆ ಹಾಕಿದ್ದಾಳೆ: ಹಳೆಯ ಕಥೆಯ ಪಾತ್ರಗಳನ್ನು ಹೊಸ ಕಥೆಗೆ ಸೇರಿಸುವುದು ಹೇಗೆ?

ಗೊತ್ತಿಲ್ಲದ ಪೋಷಕರಿಗಾಗಿ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಸೂತ್ರಧಾರ, ಉಳಿದವರಿಗೆ ಒಂದೊಂದು ಪಾತ್ರ. ಸೂತ್ರಧಾರ ಸನ್ನಿವೇಶ ಹೇಳುತ್ತಾನೆ, ಪಾತ್ರಧಾರಿಗಳು ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇಂಥ ಆಟಗಳಿಗೆ ಮೊದಲು. ಕರಾವಳಿಯ ತಾಳಮದ್ದಳೆ ಕೇಳಿದವರಿಗೆ ಇದು ತೀರಾ ಹೊಸದೆನಿಸದು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಅರ್ಥಧಾರಿ ಕರ್ಣನಾಗಿ ಆ ಕ್ಷಣಕ್ಕೆ ಹೊಳೆದದ್ದನ್ನು ಮಾತಾಡುತ್ತಾನೆ. ವ್ಯತ್ಯಾಸವೆಂದರೆ ಎಷ್ಟೇ ವಾದಿಸಿದರೂ ಅಲ್ಲಿ ಕರ್ಣ ಸಾಯಲೇಬೇಕು. ಇಲ್ಲಿ ಕೊನೆ ಯಾರಿಗೂ ಗೊತ್ತಿರುವುದಿಲ್ಲ.

ಆದ್ದರಿಂದ, ಸ್ವಾಮಿ, ಆಟ ನಿಲ್ಲಿಸಬೇಡಿ. ಮೊಬೈಲು ಕೆಳಗಿಟ್ಟು ಐದು ಮಕ್ಕಳು ಎದುರುಬದುರು ಕೂತು ಮಾತಾಡುವ ಆಟ ಈಗ ಎಷ್ಟಿವೆ? ಜಗಳವಾಗಿದೆ, ನಿಜ. ಆದರೆ ಸತ್ತವನು ಬರಬಹುದೇ ಎಂಬುದು ಒಳ್ಳೆಯ ಜಗಳ.

ಮಗುವಿನ ಪ್ರಶ್ನೆಗೆ ಉತ್ತರ ಅವಳ ಊರಿನ ಸುತ್ತಲೇ ಇದೆ. ನಮ್ಮ ಸೀಮೆಯ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿತು. ಅಷ್ಟನ್ನೂ ಒಂದು ರಾತ್ರಿಯಲ್ಲಿ ಹಾಡಿ ಮುಗಿಸಲಾಗದು. ಅದಕ್ಕೇ ಕಾವ್ಯವನ್ನು 'ಸಾಲು'ಗಳಾಗಿ ವಿಂಗಡಿಸಿದ್ದಾರೆ. ಇವತ್ತು ಕಲ್ಯಾಣದ ಸಾಲು, ಇನ್ನೊಮ್ಮೆ ಹಲಗೂರಿನ ಸಾಲು. ಮಾದೇಶ್ವರನ ಕಥೆಯಲ್ಲೂ ಹೀಗೆಯೇ ಸಂಕಮ್ಮನ ಸಾಲು, ಜುಂಜೇಗೌಡನ ಸಾಲು ಇವೆ. ಒಂದೇ ಸಾಲು ಕೇಳಿದವನಿಗೂ ಕಥೆ ಅರ್ಥವಾಗುತ್ತದೆ, ಹಿಂದಿನದನ್ನು ಕೇಳಿದವನಿಗೆ ಹೆಚ್ಚು ಅರ್ಥವಾಗುತ್ತದೆ. ಹೊಸ ಆಟಕ್ಕೆ ಹೊಸ ಗೆಳೆಯನೊಬ್ಬ ಬಂದು ಸೇರಿದರೆ ಅವನು ಪೆಚ್ಚಾಗಿ ಕೂರದಂತೆ ಮಾಡುವ ಉಪಾಯವೂ ಇದೇ.

ಹಲಗೂರಿನ ಸಾಲನ್ನೇ ನೋಡಿ. ಮದ್ದೂರು ಬಳಿಯ ನಿಡಘಟ್ಟದ ಆಚಾರಿ ಮನೆತನದ ಹುಡುಗ ಕೆಂಪಾಚಾರಿ. ಅವನನ್ನು ಹೆತ್ತವರಿಂದ ಬಿಡಿಸಿ ಮಂಟೇಸ್ವಾಮಿ ಶಿಷ್ಯನನ್ನಾಗಿ ಮಾಡಿಕೊಳ್ಳುವುದು ಒಂದು ಸಾಲು. ಆ ಹುಡುಗನೇ ಸಿದ್ಧಪ್ಪಾಜಿಯಾಗಿ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗುವುದು ಇನ್ನೊಂದು. ಅವರು ಹೀಯಾಳಿಸುತ್ತಾರೆ, ಒಂದರ ಮೇಲೊಂದು ಕಠಿಣ ಪರೀಕ್ಷೆ ಒಡ್ಡುತ್ತಾರೆ, ಅವನು ಗೆಲ್ಲುತ್ತಾನೆ. ಹಿಂದಿನದು ತಿಳಿಯದವನಿಗೆ ಇದು ಪವಾಡದ ಕಥೆ. ತಿಳಿದವನಿಗೆ? ಕುಲುಮೆಯ ಮನೆಯಲ್ಲಿ ಹುಟ್ಟಿದವನು ಕುಲುಮೆಯವರ ಬಾಗಿಲಲ್ಲೇ ಕಬ್ಬಿಣಕ್ಕೆ ಕೈಯೊಡ್ಡಿ ನಿಂತಿದ್ದಾನೆ! ಸಾಲು ಸೇರಿಸುವುದೆಂದರೆ ನನ್ನ ಪ್ರಕಾರ ಇದು. ಹಳೆಯ ಹೆಸರನ್ನು ತಂದಿಟ್ಟರೆ ಸಾಲದು, ಹಿಂದೆ ನಡೆದದ್ದು ಇಂದಿನ ಹೆಜ್ಜೆಯನ್ನು ಭಾರ ಮಾಡಬೇಕು.

ಪರಶುರಾಮನನ್ನೂ ನೆನಪಿಸಿಕೊಳ್ಳಿ. ರಾಮಾಯಣದಲ್ಲಿ ರಾಮನನ್ನು ಕೆಣಕಿ ಸೋತು ಹೋದವನು ಭಾರತದಲ್ಲಿ ಭೀಷ್ಮನಿಗೆ ಗುರು, ಕರ್ಣನಿಗೂ ಗುರು. ಕರ್ಣ ಬ್ರಾಹ್ಮಣನಲ್ಲವೆಂದು ಗೊತ್ತಾದ ಕೂಡಲೇ ಶಾಪ ಕೊಡುತ್ತಾನೆ. ಕಥೆ ಬದಲಾಯಿತು, ಯುಗ ಬದಲಾಯಿತು, ಸಿಟ್ಟು ಬದಲಾಗಲಿಲ್ಲ.

ಈಗ ಸತ್ತ ಪಾತ್ರದ ವಿಚಾರ. ಹನುಮಂತ, ಪರಶುರಾಮರು ಎರಡು ಯುಗಗಳಲ್ಲಿ ಕಾಣಿಸಿಕೊಳ್ಳಬಹುದು, ಏಕೆಂದರೆ ಅವರು ಚಿರಂಜೀವಿಗಳು ಎಂಬ ನಿಯಮವಿದೆ. ನಮ್ಮ ಹಿರಿಯ ಕಥೆಗಾರರು ಎಷ್ಟು ಎಚ್ಚರದವರು ನೋಡಿ, ನಿಯಮವಿಲ್ಲದೆ ಯಾರನ್ನೂ ಯುಗ ದಾಟಿಸಲಿಲ್ಲ. ವಾಲಿಯನ್ನಾಗಲಿ ಜಟಾಯುವನ್ನಾಗಲಿ ಕುರುಕ್ಷೇತ್ರಕ್ಕೆ ಕರೆತರಲಿಲ್ಲ. ಹಾಗಾಗಿ ಈ ಜಗಳದಲ್ಲಿ ನನ್ನ ಓಟು ದೊಡ್ಡ ಮಕ್ಕಳಿಗೆ. ಹೊಳೆಯಲ್ಲಿ ಮುಳುಗಿದವನು ಸುಮ್ಮನೆ ಎದ್ದು ಬಂದರೆ ಮುಂದಿನ ಹೊಳೆ ದಾಟುವಾಗ ಯಾರಿಗೂ ಎದೆ ಹೊಡೆದುಕೊಳ್ಳುವುದಿಲ್ಲ.

ಆದರೆ ಆ ಚಿಕ್ಕವನ ನೋವೂ ಸಣ್ಣದಲ್ಲ. ಮಂಟೇಸ್ವಾಮಿಯ ಗದ್ದುಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ, ಸಿದ್ಧಪ್ಪಾಜಿಯದು ಕೊಳ್ಳೇಗಾಲ ಕಡೆಯ ಚಿಕ್ಕಲ್ಲೂರಿನಲ್ಲಿ. ಹೋದವರು ಹೋದರೂ ಜಾಗ ಉಳಿಯಿತು, ಜಾತ್ರೆ ಉಳಿಯಿತು. ಹೊಸ ಕಥೆಯಲ್ಲಿ ಅದೇ ಹೊಳೆಗೆ ಒಂದು ಸೇತುವೆ ಬಂದಿರಲಿ, ಅದಕ್ಕೆ ಆ ಪಾತ್ರದ ಹೆಸರಿರಲಿ. ಚಿಕ್ಕವನು ಅದರ ತಮ್ಮನ ಪಾತ್ರ ವಹಿಸಲಿ, ಅಣ್ಣ ಏಕೆ ಮುಳುಗಿದನೆಂದು ಕೇಳಿಕೊಂಡು ಬರಲಿ. ಸತ್ತ ಪಾತ್ರಕ್ಕಿಂತ ಅದು ಹೆಚ್ಚಿನ ಪಾತ್ರ ಎಂದು ಅವನಿಗೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಬದುಕುಳಿದ ಹಳೆಯ ವೀರರ ತೊಂದರೆಯೇ ಬೇರೆ. ಅದು ಲೆಕ್ಕದ ತೊಂದರೆ. ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಹೆಚ್ಚು ಬಿದ್ದರೆ ಗೆಲುವು ಎಂದರೆ 20ರಲ್ಲಿ 6 ಅವಕಾಶ, ನೂರಕ್ಕೆ 30. ಹಿಂದಿನ ಕಥೆಯಲ್ಲಿ ಬಲ ಗಳಿಸಿದವನಿಗೆ 5 ಬಿದ್ದರೆ ಸಾಕು ಎಂದಾದರೆ 20ರಲ್ಲಿ 16, ನೂರಕ್ಕೆ 80. ಅಂಥವನು ಪಕ್ಕದಲ್ಲಿದ್ದರೆ ಹೊಸಬರಿಗೆ ಕೆಲಸವೇನು? ಭೀಮನ ಎದುರು ಹನುಮಂತ ಮಾಡಿದ್ದು ನೆನಪಿದೆಯಲ್ಲ. ಅಣ್ಣನೆಂದು ಗುರುತು ಹೇಳಿದ, ದಾರಿ ತೋರಿಸಿದ, ಯುದ್ಧದಲ್ಲಿ ಅರ್ಜುನನ ಧ್ವಜದಲ್ಲಿರುತ್ತೇನೆಂದ. ಹೂವನ್ನು ತಾನೇ ಕಿತ್ತುಕೊಡಲಿಲ್ಲ. ಕಾವಲುಗಾರರೊಡನೆ ಭೀಮನೇ ಹೊಡೆದಾಡಬೇಕಾಯಿತು.

ಆರ್ನೆಸನ್ ಮತ್ತು ಗೈಗ್ಯಾಕ್ಸ್ ಕೂಡ ಮೊದಲು ತಂತಮ್ಮ ಕಲ್ಪನೆಯ ನಾಡುಗಳಲ್ಲಿ ಆಡುತ್ತಿದ್ದವರು. ಮೊದಲಿನವರದು ಬ್ಲ್ಯಾಕ್‌ಮೂರ್, ಎರಡನೆಯವರದು ಗ್ರೇಹಾಕ್. 1980ರಲ್ಲಿ ಗ್ರೇಹಾಕ್ ನಾಡಿನ ನಕ್ಷೆ ಅಚ್ಚಾದಾಗ ಅದರಲ್ಲಿ ಬ್ಲ್ಯಾಕ್‌ಮೂರ್‌ಗೂ ಜಾಗವಿತ್ತು. ನೀವೂ ಒಂದು ನಕ್ಷೆ ಬರೆದಿಡಿ. ಜೊತೆಗೆ ನೂರು ಪುಟದ ಒಂದು ನೋಟ್‌ಬುಕ್ ಇರಲಿ. ಪ್ರತಿ ಪಾತ್ರಕ್ಕೆ ಒಂದು ಪುಟ: ಅದರ 'ಬಾಲ' ಏನು, ಯಾರಿಗೆ ಏನು ಮಾತು ಕೊಟ್ಟಿದೆ, ಯಾರ ಮೇಲೆ ಮುನಿಸು. ಕಥೆ ಮುಗಿದ ದಿನವೇ ಬರೆದಿಡಬೇಕು, ದಸರೆಯ ಮಾತು ಬೇಸಿಗೆಯ ಹೊತ್ತಿಗೆ ಐದು ಜನರಲ್ಲಿ ಐದು ಥರ ಆಗಿರುತ್ತದೆ.

ಇಪ್ಪತ್ತು ಮುಖದ ದಾಳ ಸಿಗದಿದ್ದರೆ ಚೌಕಾಬಾರದ ನಾಲ್ಕು ಕವಡೆ ಸಾಕು. ಅಂಗಾತ, ಬೋರಲು ಎರಡೂ ಸಮಸಮ ಬೀಳುತ್ತವೆಂದುಕೊಂಡರೆ 16 ಬಗೆಗಳಲ್ಲಿ ನಾಲ್ಕೂ ಬೋರಲು ಬೀಳುವುದು ಒಂದೇ ಬಗೆಯಲ್ಲಿ, ಎರಡು ಅಂಗಾತ ಬೀಳುವುದು 6 ಬಗೆಯಲ್ಲಿ. ಆದರೆ ಕವಡೆಗೆ ನಾಣ್ಯದಂತೆ ಎರಡು ಸಮ ಮುಖಗಳಿಲ್ಲ, ಒಂದು ಕಡೆ ಉಬ್ಬು, ಇನ್ನೊಂದು ಕಡೆ ಚಪ್ಪಟೆ. ಒಂದು ಕವಡೆಯನ್ನು ಇನ್ನೂರು ಸಲ ಎಸೆದು ಎಷ್ಟು ಸಲ ಅಂಗಾತ ಬಿತ್ತೆಂದು ಬರೆದು ಕಳಿಸಿ. ಕವಡೆಯ ಗಾತ್ರವನ್ನೂ, ಎಸೆದದ್ದು ನೆಲಕ್ಕೋ ಚಾಪೆಗೋ ಎಂಬುದನ್ನೂ ಜೊತೆಗೆ ಬರೆಯಿರಿ.