48 ಅಂಕಿ ಯಾರ ಕಡೆ ಇರಬೇಕು?

ಆಫೀಸಿನ ಲ್ಯಾಪ್‌ಟಾಪಿಗೆ ಕೀಲಿ ಹಾಕೋದು ತಪ್ಪು ಅಂತ ನಾ ಅನ್ನಂಗಿಲ್ಲ. ಹುಬ್ಬಳ್ಳಿ-ಬೆಂಗಳೂರು ರೈಲಿನಾಗ ಬ್ಯಾಗ್ ಕಳುವಾದರ ಯಂತ್ರ ಹೋಗಲಿ, ಒಳಗಿದ್ದ ಮಂದಿ ಪಗಾರ, ಆಧಾರ್ ನಂಬರು, ಬ್ಯಾಂಕಿನ ಲೆಕ್ಕ ಕಳ್ಳನ ಕೈಗೆ ಸಿಗಬಾರದು. ಅದಕ್ಕ ಡಿಸ್ಕ್ ಪೂರಾ ಗೂಢಲಿಪಿ ಮಾಡಿ ಇಡತಾರ. ಸರಿನ ಅದ. ನನ್ನ ತಕರಾರು ಕೀಲಿಕೈ ಎಲ್ಲೆ ಇಡತಾರ ಅನ್ನೋದರ ಬಗ್ಗೆ.

ವಿಂಡೋಸ್ ಯಂತ್ರದಾಗ ಈ ಕೀಲಿಗೆ ಬಿಟ್‌ಲಾಕರ್ ಅಂತಾರ. ಒಳಗ ಟಿಪಿಎಂ ಅಂತ ಒಂದು ಸಣ್ಣ ಚಿಪ್ ಇರತದ. ದಿನಾ ಯಂತ್ರ ಚಾಲೂ ಆದಾಗ ಅದು ನೋಡತದ, ಎಲ್ಲಾ ನಿನ್ನೆ ಇದ್ದಂಗ ಅದನೋ ಇಲ್ಲೋ ಅಂತ. ಇದ್ದರ ತಾನ ಬಾಗಿಲಾ ತಗೀತದ, ನಮಗ ಗೊತ್ತೂ ಆಗಂಗಿಲ್ಲ. ಆದರ ರಾತ್ರಿ ಬಂದ ಅಪ್ಡೇಟು ಫರ್ಮ್‌ವೇರನ್ನೋ ಬೂಟ್ ಫೈಲನ್ನೋ ಬದಲ ಮಾಡಿತು, ಇಲ್ಲಾ ಅರ್ಧಕ್ಕ ಕೆಟ್ಟು ನಿಂತಿತು ಅಂದರ ಚಿಪ್ಪಿಗೆ ಗುರುತು ಹತ್ತಂಗಿಲ್ಲ. ಗಡ್ಡಾ ಬಿಟಗೊಂಡು ಬಂದ ಮೊಮ್ಮಗನ್ನ ನೋಡಿ ಕದಾ ಹಾಕ್ಕೊಂಡ ಅಜ್ಜಿ ಇದ್ದಂಗ. ನೀಲಿ ಪರದೆ ಬರತದ, 48 ಅಂಕಿ ಹಾಕು ಅಂತದ.

ಆರಾರು ಅಂಕಿದು ಎಂಟು ಗುಂಪು. ನಾ ಗಣಿತ ಕಲಿಸಿ ರಿಟೈರ್ ಆದಾಕಿ, ಇದನ್ನ ಹೇಳದ ಮುಂದ ಹೋಗಲಿಕ್ಕೆ ಆಗಂಗಿಲ್ಲ: ಒಂದೊಂದು ಗುಂಪೂ 11ರಿಂದ ನಿಶ್ಶೇಷವಾಗಿ ಭಾಗ ಹೋಗತದ. ಹಿಂಗಾಗಿ ಒಂದು ಅಂಕಿ ತಪ್ಪಿದರ ಆ ಗುಂಪಿನಾಗನ ಸಿಕ್ಕಿ ಬೀಳತದ. ಎಷ್ಟು ಶಾಣ್ಯಾತನ ನೋಡ್ರಿ! ಇಷ್ಟೆಲ್ಲಾ ವಿಚಾರ ಮಾಡಿದ ಮ್ಯಾಲೂ ಆ ಅಂಕಿ ಲ್ಯಾಪ್‌ಟಾಪ್ ಮುಂದ ಕೂತಾಕಿ ಕಡೆ ಇರಂಗಿಲ್ಲ.

ನನ್ನ ಸೊಸಿ ಮನಿಯಿಂದನ ಒಂದು ಕಂಪನಿ ಪಗಾರದ ಲೆಕ್ಕ ಮಾಡತಾಳ. ಹೋದ ವರ್ಷ ಒಂದು ತಿಂಗಳ ಕಡೀ ವಾರದಾಗ ಆಫೀಸಿನವರು ರಾತ್ರಿ ಅಪ್ಡೇಟು ಕಳಿಸಿದರು, ಮುಂಜಾನೆ ನೀಲಿ ಪರದೆ. ಮುನ್ನೂರು ಮಂದಿ ಪಗಾರದ ಫೈಲು ಸಂಜಿ 4ಕ್ಕ ಬ್ಯಾಂಕಿಗೆ ಹೋಗಬೇಕು. ಸಹಾಯದವರ ಫೋನ್ ನಂಬರು ಎಲ್ಲದ? ಲ್ಯಾಪ್‌ಟಾಪಿನೊಳಗ. ದೂರು ಕೊಡಲಿಕ್ಕೆ ಆಫೀಸಿನ ಜಾಲಕ್ಕ ಹೋಗಬೇಕು, ಜಾಲಕ್ಕ ಹೋಗಲಿಕ್ಕೆ ಲ್ಯಾಪ್‌ಟಾಪ್ ಬೇಕು. ತಿಜೋರಿ ಕೀಲಿಕೈ ತಿಜೋರಿಯೊಳಗ ಇಟ್ಟು ಬಾಗಿಲಾ ಜಗ್ಗಿದಂಗ ಆತು. ನನ್ನ ಮಗಾ ಅಂದಾ, "ಫಾರ್ಮ್ಯಾಟ್ ಹೊಡಿ, ಮುಗೀತು." ಖರೇನ ಮುಗೀತಿತ್ತು. ಯಂತ್ರ ಏಳತಿತ್ತು, ಒಳಗಿನ ಲೆಕ್ಕ ಅಷ್ಟೂ ಹೋಗತಿತ್ತು. ಕೀಲಿಕೈ ಇಲ್ಲದ ಇದನ್ನ ಬಿಚ್ಚಿ ಕೊಡತೇನಿ ಅಂತ ಯಾವನರ ರೊಕ್ಕಾ ಕೇಳಿದರ ಕೊಡಬ್ಯಾಡ್ರಿ.

ಜೋಡಿ ಕೆಲಸ ಮಾಡೋ ಹುಡುಗಿ ಕಡಿಂದ ನಂಬರು ಸಿಕ್ತು. ಎರಡು ತಾಸು ಫೋನಿನಾಗ ಸಂಗೀತ ಕೇಳಿದ ಮ್ಯಾಲೆ ಒಬ್ಬಾಂವ ಸಿಕ್ಕಾ. ಪರದೆ ಮ್ಯಾಲಿನ ಕೀ ಐಡಿದು ಮೊದಲಿನ ಎಂಟು ಅಕ್ಷರ ಕೇಳಿ, 48 ಅಂಕಿ ಓದಿ ಹೇಳಿದಾ. ನಾ ಕಿರಾಣಿ ಚೀಟಿ ಹಿಂದ ಬರಕೊಂಡೆ. ಅಷ್ಟಕ್ಕ ಯಂತ್ರ ಏಳಲಿಲ್ಲ, ಕೆಟ್ಟ ಅಪ್ಡೇಟು ಇನ್ನೂ ಒಳಗ ಕೂತಿತ್ತಲಾ. ರಿಕವರಿ ಮೆನುವಿನಾಗ ಹೊಕ್ಕು ಅದನ್ನ ತಗದು ಒಗದ ಮ್ಯಾಲೆ ಎದ್ದಿತು. ಫೈಲು ಹೋಗಿದ್ದು 3:40ಕ್ಕ. ಅವತ್ತ ಸೊಸಿ ಊಟಾ ಮಾಡಿದ್ದ ಸಂಜಿ ಮುಂದ.

ಇದೇನು ನಮ್ಮ ಮನಿದಷ್ಟ ಕಥಿ ಅಲ್ಲ. 2024ರ ಜುಲೈ 19ಕ್ಕ ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿಯಿಂದ ಒಂದು ಕೆಟ್ಟ ಅಪ್ಡೇಟು ಬಂತು. 78 ನಿಮಿಷದಾಗ ವಾಪಸ್ ತಗೊಂಡರೂ, ಮೈಕ್ರೋಸಾಫ್ಟಿನವರ ಅಂದಾಜಿನಂಗ 85 ಲಕ್ಷ ವಿಂಡೋಸ್ ಯಂತ್ರ ಮಲಗಿದುವು. ನಮ್ಮ ದೇಶದ ವಿಮಾನ ನಿಲ್ದಾಣದಾಗ ಬೋರ್ಡಿಂಗ್ ಪಾಸು ಕೈಲೆ ಬರದು ಕೊಟ್ಟರು. ಔಷಧ ಸಣ್ಣದ ಇತ್ತು, ಸೇಫ್ ಮೋಡಿಗೆ ಹೋಗಿ ಒಂದು ಫೈಲು ಅಳಸೋದು. ಆದರ ಬಿಟ್‌ಲಾಕರ್ ಇದ್ದಲ್ಲೆ ಅಲ್ಲಿಗೆ ಹೋಗಲಿಕ್ಕೂ 48 ಅಂಕಿ ಬೇಕು, ಅದೂ ಒಂದೊಂದು ಯಂತ್ರಕ್ಕ ಬ್ಯಾರೆ ಬ್ಯಾರೆ. ಕೆಲವು ಕಡೆ ಅಂಕಿ ಕೂಡಿಟ್ಟ ಸರ್ವರೂ ಅದ ಹೊಡತಕ್ಕ ಬಿದ್ದಿತ್ತು.

ಕೀಲಿಕೈ ನೌಕರರ ಕೈಯಾಗ ಕೊಟ್ಟರ ಧೋಕಾ ಅಂತ ಆಫೀಸಿನವರು ಅಂತಾರ. ನಾ ಏನು ಬ್ಯಾಗಿಗೆ ಅಂಟಿಸಿ ಕೊಡ್ರಿ ಅನ್ನಲಿಕ್ಕೆ ಹತ್ತಿಲ್ಲ. ಯಂತ್ರ ಒಂದ ಕಡೆ, ಅಂಕಿ ಒಂದ ಕಡೆ ಇದ್ದರ ಬರೇ ಅಂಕಿಯಿಂದ ಕಳ್ಳಗ ಏನೂ ಉಪಯೋಗಿಲ್ಲ. ಭಾಳ ಆಫೀಸಿನ್ಯಾಗ ಕೀಲಿಕೈ ಮೈಕ್ರೋಸಾಫ್ಟ್ ಎಂಟ್ರಾದಾಗ ಇಡತಾರ. ಅಲ್ಲೆ ನೌಕರರು ತಮ್ಮ ಯಂತ್ರದ್ದಷ್ಟ ಕೀಲಿಕೈ ಮೊಬೈಲಿನಾಗನೂ ನೋಡಬಹುದು, ಆ ಸವಲತ್ತು ಬಂದ್ ಮಾಡೋದೂ ಬಿಡೋದೂ ಆಫೀಸಿನ ಕೈಯಾಗನ ಅದ. ಬಿಡ್ರೆಲಾ! ಒಮ್ಮೆ ಬಳಸಿದ ಮ್ಯಾಲೆ ಹೊಸಾದು ಮಾಡ್ರಿ, ಯಾರು ಬ್ಯಾಡಂದಾರ? ಫರ್ಮ್‌ವೇರ್ ಬದಲ ಮಾಡೋ ಮೊದಲ ಬಿಟ್‌ಲಾಕರ್ ತಾತ್ಪೂರ್ತಿಕ ನಿಲ್ಲಿಸೋ ಸೌಲಭ್ಯ ಅದ, ಅದನ್ನೂ ಬಳಸ್ರಿ. ಪಗಾರದ ವಾರದಾಗ ಪಗಾರ ಮಾಡೋರ ಯಂತ್ರಕ್ಕ ಅಪ್ಡೇಟು ಕಳಿಸಬ್ಯಾಡ್ರಿ, ಇದಕ್ಕೇನು ತಂತ್ರಜ್ಞಾನ ಬೇಕಾಗಿಲ್ಲ.

ಮನಿದು ಸ್ವಂತ ಲ್ಯಾಪ್‌ಟಾಪ್ ಇದ್ದವರೂ ಒಮ್ಮೆ ನೋಡಕೊಳ್ರಿ. ವಿಂಡೋಸ್ 11ರ 24ಎಚ್2 ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಲೆ ಹೊಕ್ಕರ, ಸಾಮಾನ್ಯವಾಗಿ ಕೀಲಿ ತಾನ ಬೀಳತದ. ಕೀಲಿಕೈ ಆ ಖಾತೆದೊಳಗ ಹೋಗಿ ಕೂಡತದ. ನಾವು ನಮ್ಮ ಎರಡು ಯಂತ್ರದ್ದು ಪ್ರಿಂಟ್ ತಗದು ಮನಿ ಪತ್ರದ ಜೋಡಿ ಟ್ರಂಕಿನ್ಯಾಗ ಇಟ್ಟೇವಿ. ಸೊಸಿ ಆಫೀಸಿನದು ಮಾತ್ರ ಇನ್ನೂ ಸಿಕ್ಕಿಲ್ಲ. ಎರಡು ಸಲ ಇಮೇಲ್ ಬರದಾಳ, ವಿಚಾರ ಮಾಡತೇವಿ ಅಂದಾರ.