ಮೇಪಲ್ ಬೀದಿಯ ಜನಜಂಗುಳಿಯಲ್ಲಿ ನಾವೂ ಇದ್ದೆವು

ಸಂಶಯಕ್ಕೆ ಸಾಕ್ಷ್ಯ ಬೇಕಿಲ್ಲ, ನೆಪ ಸಾಕು ಎಂಬ ಮಾತನ್ನು ಕೇಳಿ ನಾವು ಎಷ್ಟೋ ಬಾರಿ ತಲೆದೂಗಿದ್ದೇವೆ. ಆದರೆ ಆ ಮಾತು ನಮಗೂ ಅನ್ವಯಿಸುತ್ತದೆಂದು ಅರಿವಾದುದು ಇಪ್ಪತ್ತೈದು ನಿಮಿಷಗಳ ಒಂದು ಹಳೆಯ ಟಿ.ವಿ. ಕಥೆಯ ಮುಂದೆ ಕುಳಿತಾಗ.

‘ದಿ ಟ್ವೈಲೈಟ್ ಝೋನ್’ ಎಂಬ ಅಮೆರಿಕದ ಧಾರಾವಾಹಿಯ ಆ ಕಂತು 1960ರ ಮಾರ್ಚ್ 4ರಂದು ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾಯಿತು. ‘ದಿ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್’, ಅಂದರೆ ಮೇಪಲ್ ಬೀದಿಗೆ ರಾಕ್ಷಸರು ಬರಲಿದ್ದಾರೆ ಎಂಬುದು ಅದರ ಹೆಸರು. ಬರೆದವರು ರಾಡ್ ಸರ್ಲಿಂಗ್. ಈ ಧಾರಾವಾಹಿಯ ಅಭಿಮಾನಿಗಳಾದ ನಾವು ಈ ಕಂತನ್ನು ಹಲವು ಬಾರಿ ನೋಡಿದ್ದೇವೆ. ಕೊನೆಯ ತಿರುವು ತಿಳಿದಿದ್ದೂ ಪ್ರತಿಬಾರಿ ಮನಸ್ಸು ಕದಡುತ್ತದೆ.

ಒಂದು ಶನಿವಾರದ ಸಂಜೆ. ಬೀದಿಯ ಮೇಲ್ಗಡೆ ಬೆಳಕಿನ ಸೆಳಕು, ಜೊತೆಗೆ ಭಾರೀ ಸದ್ದು. ಮರುಕ್ಷಣವೇ ವಿದ್ಯುತ್, ದೂರವಾಣಿ, ಕಾರುಗಳು ಎಲ್ಲವೂ ಸ್ತಬ್ಧ. ಅನ್ಯಗ್ರಹ ಜೀವಿಗಳು ದಾಳಿಗೆ ಮುನ್ನ ಮನುಷ್ಯರಂತೆಯೇ ಕಾಣುವ ಒಂದು ಕುಟುಂಬವನ್ನು ಕಳುಹಿಸಿರುತ್ತಾರೆಂದು ಕಥೆಗಳಲ್ಲಿ ಓದಿದ್ದ ಬಾಲಕ ಟಾಮಿ ಹೇಳುತ್ತಾನೆ. ದೊಡ್ಡವರು ನಗುತ್ತಾರೆ. ಅಷ್ಟರಲ್ಲಿ ಲೆಸ್ ಗುಡ್‌ಮ್ಯಾನ್‌ನ ಕಾರು ತಾನಾಗಿಯೇ ಚಾಲೂ ಆಗುತ್ತದೆ. ನಗು ನಿಲ್ಲುತ್ತದೆ. ನಿದ್ದೆ ಬಾರದ ಅವನು ನಸುಕಿನಲ್ಲಿ ಆಕಾಶ ನೋಡುತ್ತ ನಿಲ್ಲುತ್ತಿದ್ದುದು ನೆರೆಯವರಿಗೆ ಈಗ ಅಪರಾಧವಾಗಿ ತೋರುತ್ತದೆ. ತಾಳ್ಮೆಯಿಂದಿರಿ ಎಂದ ಸ್ಟೀವ್ ಕೂಡ ಸಂಶಯಿತನಾಗುತ್ತಾನೆ. ಅವನ ಮನೆಯಲ್ಲೊಂದು ರೇಡಿಯೋ ಯಂತ್ರವಿದೆಯಂತೆ! ಇರುಳಾಗುತ್ತದೆ. ಕತ್ತಲಲ್ಲಿ ನಡೆದು ಬರುತ್ತಿದ್ದ ಆಕೃತಿಯತ್ತ ಚಾರ್ಲಿ ಗುಂಡು ಹಾರಿಸುತ್ತಾನೆ. ಸತ್ತವನು ಅದೇ ಬೀದಿಯ ಪೀಟ್ ವ್ಯಾನ್ ಹಾರ್ನ್. ಪಕ್ಕದ ಬೀದಿಯ ಸ್ಥಿತಿ ನೋಡಿ ಬರಲು ಹೋಗಿದ್ದವನು.

ಆ ಹೊತ್ತಿಗೇ ಚಾರ್ಲಿಯ ಮನೆಯಲ್ಲಿ ದೀಪ ಬೆಳಗುತ್ತದೆ. ಮೊದಲ ಬಾರಿ ನೋಡಿದಾಗ ‘ಇವನೇ!’ ಎಂದಿತ್ತು ನಮ್ಮ ಮನಸ್ಸು. ಕಾರು ಚಾಲೂ ಆದುದಕ್ಕೆ ಗುಡ್‌ಮ್ಯಾನ್‌ನನ್ನು ಶಂಕಿಸಿದವರನ್ನು ಮೂರ್ಖರೆಂದು ಜರೆದಿದ್ದವರು ನಾವೇ. ಒಂದು ಕಾರಿಗೂ ಒಂದು ದೀಪಕ್ಕೂ ಸಾಕ್ಷ್ಯವಾಗಿ ಏನು ವ್ಯತ್ಯಾಸ? ಚಾರ್ಲಿಯನ್ನು ನಾವು ದ್ವೇಷಿಸತೊಡಗಿದ್ದೆವು, ಅಷ್ಟೇ. ಜನರು ಅವನ ಮೇಲೆ ಕಲ್ಲೆಸೆದಾಗ ನಮ್ಮಲ್ಲಿ ಕನಿಕರ ಮೂಡಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ತನ್ನನ್ನು ಉಳಿಸಿಕೊಳ್ಳಲು ಅವನು ಬಾಲಕನತ್ತ ಬೆರಳು ತೋರುತ್ತಾನೆ. ಮನೆಮನೆಗಳಲ್ಲಿ ದೀಪಗಳು ಹೊತ್ತಿ ಆರುತ್ತವೆ, ಬೀದಿಯೇ ರಣರಂಗವಾಗುತ್ತದೆ.

ಕೊನೆಯ ತಿರುವು ಇರುವುದು ಗುಡ್ಡದ ಮೇಲೆ. ಅಲ್ಲಿ ನಿಜವಾಗಿಯೂ ಇಬ್ಬರು ಅನ್ಯಗ್ರಹವಾಸಿಗಳು ನಿಂತಿದ್ದಾರೆ! ವಿದ್ಯುತ್ತನ್ನು ಆಡಿಸುತ್ತಿರುವವರು ಅವರೇ. ಈ ದೃಶ್ಯ ಅನಗತ್ಯವೆಂದು ನಮಗೂ ಒಮ್ಮೆ ಅನಿಸಿತ್ತು. ಆದರೆ ಕಥೆಯ ಕಠೋರ ಸತ್ಯ ಅಡಗಿರುವುದು ಇಲ್ಲಿಯೇ. ವದಂತಿಗೆ ಬಲಿಯಾಗುವವರು ಬರೀ ಸುಳ್ಳನ್ನು ನಂಬಿದ ದಡ್ಡರು ಎಂಬ ಸಮಾಧಾನ ನಮಗಿರುತ್ತದೆ. ಸರ್ಲಿಂಗ್ ಅದನ್ನೂ ಕಸಿದುಕೊಳ್ಳುತ್ತಾರೆ. ಶತ್ರು ಇದ್ದುದು ನಿಜ. ಆದರೆ ಆ ಬೀದಿಯ ಯಾವ ಮನೆಯಲ್ಲೂ ಅವನಿರಲಿಲ್ಲ.

ಸರ್ಲಿಂಗ್ ಇದನ್ನು ಕೇವಲ ಮನರಂಜನೆಗಾಗಿ ಬರೆದವರಲ್ಲ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕರಿಯ ಬಾಲಕನ ಬರ್ಬರ ಹತ್ಯೆಯಾಯಿತು. ಬಿಳಿಯರೇ ತುಂಬಿದ್ದ ಜ್ಯೂರಿಯು ಆರೋಪಿಗಳನ್ನು ಬಿಡುಗಡೆಗೊಳಿಸಿತು. ಅದರಿಂದ ಪ್ರೇರಿತರಾಗಿ ಸರ್ಲಿಂಗ್ ಬರೆದ ಟಿ.ವಿ. ನಾಟಕ 1956ರಲ್ಲಿ ಪ್ರಸಾರವಾಗುವಷ್ಟರಲ್ಲಿ ಗುರುತೇ ಸಿಗದಂತಾಗಿತ್ತು. ಕಥೆ ದಕ್ಷಿಣದಿಂದ ನ್ಯೂ ಇಂಗ್ಲೆಂಡಿಗೆ ವರ್ಗವಾಗಿತ್ತು. ಹತನಾದವನು ಯಾವ ದೇಶದವನೆಂದೇ ತಿಳಿಯದ ಪರದೇಶಿಯಾಗಿದ್ದ. 1959ರಲ್ಲಿ ‘ಟ್ವೈಲೈಟ್ ಝೋನ್’ ಆರಂಭವಾಯಿತು. ನೆರೆಯವರ ಕ್ರೌರ್ಯವನ್ನು ನೇರವಾಗಿ ತೋರಿಸಲು ಬಿಡದ ಅದೇ ಟಿ.ವಿ. ಲೋಕವು ಅನ್ಯಗ್ರಹ ಜೀವಿಗಳ ನೆಪದಲ್ಲಿ ಅದನ್ನೇ ಪ್ರಸಾರ ಮಾಡಿತು. ಎಂತಹ ವಿಪರ್ಯಾಸ!

ಮಕ್ಕಳೊಂದಿಗೆ ಕುಳಿತು ನೋಡಬೇಕಾದ ಕಥೆಯಿದು. ಚಾರ್ಲಿಯ ಮನೆಯಲ್ಲಿ ದೀಪ ಹೊತ್ತಿದಾಗ ಒಂದು ಕ್ಷಣ ಅದನ್ನು ನಿಲ್ಲಿಸಿ, ಯಾರ ಮೇಲೆ ಸಂಶಯ ಬಂತೆಂದು ಅವರನ್ನು ಕೇಳಿ. ಆದರೆ ಅದಕ್ಕಿಂತ ಮೊದಲು ನಾವು ಹಿರಿಯರೇ ಪ್ರಾಮಾಣಿಕವಾಗಿ ಉತ್ತರಿಸೋಣ.